ಕಾಲು ಗಂಟೆ ಮುಂದಿದ್ದ ಕ್ಯಾಮೆರಾ

ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಗಡಿಬಿಡಿ ಅಕ್ಕ ಎಂದು. ಕರೆಯುವವರ ತಪ್ಪೇನೂ ಇಲ್ಲ. ಅವಳು ಕೂತು ತಿಂದದ್ದನ್ನು ಕಂಡವರಿಲ್ಲ. ನಿಂತಲ್ಲೇ ಬಾಯಿಗೆ ಹಾಕಿಕೊಂಡು, ಅಗಿದು ಮುಗಿಸುವಷ್ಟರಲ್ಲಿ ಮೆಟ್ಟಿಲು ಇಳಿದಿರುತ್ತಾಳೆ. ಹುಡುಗಿಯಾಗಿದ್ದಾಗ ಒಮ್ಮೆ ಪರೀಕ್ಷೆಗೆ ತಡವಾಗಿ ಹೋಗಿ, ಮುಚ್ಚಿದ ಗೇಟಿನ ಕಂಬಿ ಹಿಡಿದು ಅತ್ತವಳು. ಒಂದು ವರ್ಷ ಮಣ್ಣುಪಾಲಾಯಿತು. ಆ ಹೆದರಿಕೆ ಇವತ್ತಿಗೂ ಹೋಗಿಲ್ಲ. ಅದಕ್ಕೇ ಮದುವೆಯಾಗಿ ಬಂದ ಹೊಸದರಲ್ಲೇ ಗಂಡನ ಮನೆಯ ಗೋಡೆ ಗಡಿಯಾರವನ್ನು ಕಾಲು ಗಂಟೆ ಮುಂದೆ ತಿರುಗಿಸಿಟ್ಟಳು. ಗಂಡ ಮನಸ್ಸಿನಲ್ಲೇ ಕಾಲು ಗಂಟೆ ಕಳೆದು ಹಾಯಾಗಿ ಮಗ್ಗುಲು ಬದಲಿಸುತ್ತಾನೆ. ಅತ್ತೆಯಂತೂ ತಮ್ಮ ಮನೆಯಲ್ಲಿ ಸೂರ್ಯನೂ ದಿನಾ ತಡವಾಗಿಯೇ ಬರುತ್ತಾನೆ ಎಂದು ಬಂದವರ ಮುಂದೆಲ್ಲ ಸೊಸೆಯ ಕಾಲೆಳೆಯುತ್ತಾರೆ. ಆ ಗಡಿಯಾರವನ್ನು ನಂಬುವವಳು ಅವಳೊಬ್ಬಳೇ. ತಾನೇ ತಿರುಗಿಸಿದ ಮುಳ್ಳು ನೋಡಿ ತಾನೇ ಹೌಹಾರುತ್ತಾಳೆ.

ಅವಳ ಕೆಲಸ ರಸ್ತೆಬದಿಯ ಮರಗಳ ಫೋಟೊ ತೆಗೆಯುವುದು. ಕಾಂಡ ತಟ್ಟಿ ನೋಡಿ, ಟೊಳ್ಳಾಗಿದ್ದರೆ ಅದಕ್ಕೊಂದು ಕೆಂಪು ಪಟ್ಟಿ ಆನಿಸಿ ಕ್ಲಿಕ್ಕಿಸಬೇಕು. ಕಚೇರಿಯ ಕ್ಯಾಮೆರಾ ಹಳೆಯದು. ಅದಕ್ಕೆ ಫೋಟೊ ತೆಗೆದ ಹೊತ್ತು ಗೊತ್ತು, ಜಾಗ ಗೊತ್ತಿಲ್ಲ. ಜಾಗ ಗೊತ್ತಿರುವುದು ಸೊಂಟಕ್ಕೆ ಸಿಕ್ಕಿಸಿಕೊಂಡ ಜಿಪಿಎಸ್ ಡಬ್ಬಿಗೆ. ಅವಳು ಯಾವ ಹೊತ್ತಿನಲ್ಲಿ ಎಲ್ಲಿದ್ದಳು ಎಂದು ಅದು ದಾರಿಯುದ್ದಕ್ಕೂ ಗುರುತು ಮಾಡಿಕೊಳ್ಳುತ್ತಾ ಹೋಗುತ್ತದೆ. ಸಂಜೆ ಕಂಪ್ಯೂಟರಿನವನು ಎರಡರ ಹೊತ್ತನ್ನೂ ತಾಳೆ ಹಾಕಿದರೆ ಪ್ರತಿ ಫೋಟೊವೂ ನಕ್ಷೆಯಲ್ಲಿ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಪಟ್ಟಿ ಇರುವ ಫೋಟೊ ಅಲ್ಲಿ ಕೆಂಪು ಚುಕ್ಕೆಯಾಗುತ್ತದೆ. ಮರ ಕಡಿಯುವವರ ಕೈಗೆ ಹೋಗುವುದು ಆ ಕೆಂಪು ಚುಕ್ಕೆಗಳ ನಕ್ಷೆ ಮಾತ್ರ. ಎರಡು ಗಡಿಯಾರಗಳಲ್ಲಿ ವ್ಯತ್ಯಾಸವಿದ್ದರೆ ತಿಳಿಯಲಿ ಎಂದು ದಿನದ ಮೊದಲ ಫೋಟೊ ಡಬ್ಬಿಯ ಗಡಿಯಾರದ್ದೇ ಆಗಿರಬೇಕೆಂದು ನಿಯಮ.

ಕಾಲುವೆ ಪಕ್ಕದ ಬೀದಿಗಳಿಗೆ ಹೋಗಬೇಕಿದ್ದ ದಿನ ಬೆಳಿಗ್ಗೆ ಮನೆಯಲ್ಲಿ ನೋಡಿದರೆ ಕ್ಯಾಮೆರಾದ ಬ್ಯಾಟರಿ ಪೂರ್ತಿ ಸತ್ತುಹೋಗಿತ್ತು. ಹೊಸದು ಹಾಕಿದ ಕೂಡಲೇ ಅದು ಹೊತ್ತೆಷ್ಟು ಎಂದು ಕೇಳಿತು. ಅವಳು ತಲೆಯೆತ್ತಿ ಗೋಡೆ ಗಡಿಯಾರ ನೋಡಿದಳು, ಕಂಡದ್ದನ್ನು ಒತ್ತಿದಳು, ಓಡಿದಳು. ಮೊದಲ ಫೋಟೊ ತೆಗೆಯಲು ಪುರಸೊತ್ತು ಯಾರಿಗಿತ್ತು?

ಅವತ್ತು ಕಾಲುವೆ ಪಕ್ಕದ ಒಂದು ಮರದ ಕೆಳಗೆ ಚಪ್ಪಲಿ ಹೊಲಿಯುವ ಅಜ್ಜ ಅವಳ ಕೈಯಲ್ಲಿದ್ದ ಕೆಂಪು ಪಟ್ಟಿ ನೋಡಿ ಎದ್ದು ನಿಂತಿದ್ದ. ಈ ಮರ ಹೋದರೆ ತಾನು ಎಲ್ಲಿ ಕೂರಲಿ ಎಂದು ಕೇಳಿದ. ಅವಳು ಕಾಂಡ ತಟ್ಟಿ, ಫೋಟೊ ತೆಗೆದು, ಆಗಲೇ ಮುಂದಕ್ಕೆ ಹೆಜ್ಜೆ ಹಾಕುತ್ತಾ ಹೇಳಿದ್ದಳು: "ನಿಮ್ಮ ಮರ ಗಟ್ಟಿಯಾಗಿದೆ ಅಜ್ಜ. ಯಾರೂ ಮುಟ್ಟಲ್ಲ. ನಾನು ಹೇಳ್ತಿದೀನಲ್ಲ."

ಡಬ್ಬಿಯ ಗಡಿಯಾರದ ಫೋಟೊ ಇಲ್ಲದಿದ್ದರೂ ಕಂಪ್ಯೂಟರಿನವನಿಗೆ ಏನೂ ಅನುಮಾನ ಬರಲಿಲ್ಲ. ಬೇರೆಯವರಾಗಿದ್ದರೆ ನಡುವೆ ಎಲ್ಲಾದರೂ ಟೀ ಕುಡಿಯಲು ನಿಂತಿರುತ್ತಿದ್ದರು. ಆಗ ನಕ್ಷೆಯಲ್ಲಿ ಮರಗಳೆಲ್ಲ ಟೀ ಅಂಗಡಿಯ ಮುಂದೆ ಗುಂಪುಗೂಡಿ ತಪ್ಪು ಕಣ್ಣಿಗೆ ರಾಚುತ್ತಿತ್ತು. ಈ ಪುಣ್ಯಾತ್ಗಿತ್ತಿ ಎಲ್ಲೂ ನಿಂತವಳಲ್ಲ. ಚುಕ್ಕೆಗಳು ಬೀದಿಯುದ್ದಕ್ಕೂ ಅಚ್ಚುಕಟ್ಟಾಗಿ ಸಾಲುಗಟ್ಟಿದ್ದವು.

ಕಡಿಯುವವರು ಕಾಲುವೆ ಕಡೆಗೆ ಬರಬೇಕಿದ್ದ ದಿನ ಬೆಳಿಗ್ಗೆ ಅತ್ತೆ ಹೊಸ ಕನ್ನಡಕ ಹಾಕಿಕೊಂಡು ಬಂದು, ಊರ ಮರಗಳಿಗೆಲ್ಲ ಫೋಟೊ ಭಾಗ್ಯ, ನನಗೆ ಮಾತ್ರ ಇಲ್ಲ ಎಂದು ಮುಖ ಊದಿಸಿದರು. ಅವಳು ನಗುತ್ತಾ ಒಂದು ಕ್ಲಿಕ್ಕಿಸಿದಳು. ಫೋಟೊದ ಮೂಲೆಯಲ್ಲಿ ಹೊತ್ತು ಮೂಡಿತು. ಅತ್ತೆಯ ತಲೆಯ ಮೇಲಿದ್ದ ಗೋಡೆ ಗಡಿಯಾರವೂ ಅದೇ ಹೊತ್ತು ಹೇಳುತ್ತಿತ್ತು.

ಅವಳು ಎರಡನ್ನೂ ಮತ್ತೊಮ್ಮೆ ನೋಡಿದಳು. ಆ ಗಡಿಯಾರಕ್ಕೆ ಲೋಕದಲ್ಲಿ ಯಾವುದೂ ಹೊಂದಬಾರದು. ಹೊಂದಿದೆಯೆಂದರೆ ಕಾಲುವೆ ಪಕ್ಕಕ್ಕೆ ಹೋದ ದಿನದ ಪ್ರತಿ ಫೋಟೊವೂ ಅವಳು ಕಾಲು ಗಂಟೆ ಬಿಟ್ಟು ಎಲ್ಲಿದ್ದಳೋ ಅಲ್ಲಿ ಹೋಗಿ ಕೂತಿದೆ. ಹಿಂದಿನ ಬೀದಿಯಲ್ಲೊಂದು ಟೊಳ್ಳು ಮರವಿತ್ತು. ಅಲ್ಲಿಂದ ಕಾಲು ಗಂಟೆ ನಡೆದರೆ ಎಲ್ಲಿಗೆ ಬರುತ್ತಿದ್ದಳು? ಲೆಕ್ಕ ಹಾಕುವುದೇ ಬೇಕಿರಲಿಲ್ಲ. ಅಜ್ಜ ಎದ್ದು ನಿಂತದ್ದೇ ಕಣ್ಣಮುಂದೆ ಬಂತು.

ಕಚೇರಿಯ ಮೇಲ್ವಿಚಾರಕನ ಫೋನು ಬಡಿದುಕೊಂಡಿತೇ ಹೊರತು ಯಾರೂ ಎತ್ತಲಿಲ್ಲ. ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ, ಓಡಿದಳು. ಸಂತೆಬೀದಿ ದಾಟುವಾಗ ಚಪ್ಪಲಿಯ ಬಾರು ಕಿತ್ತುಹೋಯಿತು. ಅದನ್ನು ಕೈಯಲ್ಲಿ ಹಿಡಿದು, ಇನ್ನೊಂದು ಕಾಲನ್ನು ಟಪಟಪ ಬಡಿಯುತ್ತಾ ಓಡಿದಳು. ಜನ ನೋಡಿ ನಕ್ಕರೆ ನಗಲಿ. ಇನ್ನೂ ಹೊತ್ತಿದೆ, ಇನ್ನೂ ಹೊತ್ತಿದೆ ಎಂದು ಜೀವಮಾನದಲ್ಲಿ ಮೊದಲ ಸಲ ತನಗೆ ತಾನೇ ಹೇಳಿಕೊಂಡಳು.

ಹೊತ್ತಿರಲಿಲ್ಲ. ವಾಹನಗಳ ಕಾಟ ಶುರುವಾಗುವ ಮೊದಲೇ ಮುಗಿಸೋಣವೆಂದು ಕಡಿಯುವವರು ಬೇಗನೆ ಬಂದಿದ್ದರು. ಬೀದಿಯ ತಿರುವಿನಲ್ಲೇ ಗರಗಸದ ಸದ್ದು ಕೇಳಿತು. ಅಜ್ಜನ ಮರದ ದೊಡ್ಡ ಕೊಂಬೆಗಳೆಲ್ಲ ಒಂದನ್ನು ಬಿಟ್ಟು ರಸ್ತೆಗೆ ಬಿದ್ದಿದ್ದವು. ಕಡಿದ ಕಡೆ ಮರ ಬೆಳ್ಳಗೆ, ಗಟ್ಟಿಯಾಗಿ, ಒದ್ದೆಯಾಗಿತ್ತು. ಅವಳು ಹೋಗಿ ಕಾಂಡಕ್ಕೆ ಬೆನ್ನು ಕೊಟ್ಟು ನಿಂತಳು. ಕೆಲಸಗಾರರ ಯಜಮಾನ ಸಿಡುಕಿ, ಚುಕ್ಕೆ ಇಲ್ಲೇ ಇದೆಯಲ್ಲ ಎಂದು ಫೋನು ಮುಖಕ್ಕೆ ಹಿಡಿದ.

"ಚುಕ್ಕೆ ತಪ್ಪು. ತಪ್ಪು ನಂದೇ. ಇವತ್ತಿನ ಯಾವ ಮರಾನೂ ಮುಟ್ಬೇಡಿ" ಎಂದಳು. ಕಚೇರಿಗೆ ಫೋನು ಹೋಯಿತು, ಬೈಗುಳ ಬಂತು, ಕೆಂಪು ಚುಕ್ಕೆಗಳನ್ನೆಲ್ಲ ತಡೆಹಿಡಿದರು. ಗರಗಸ ಹೊತ್ತು ಹೊರಟವರ ಗಾಡಿ ಮರೆಯಾದ ಮೇಲೆ ಅಲ್ಲಿ ಉಳಿದದ್ದು ಅವಳು, ಅಜ್ಜ, ಮತ್ತು ಒಂದೇ ಕೊಂಬೆಯ ಮರ.

ಅಜ್ಜ ಬಿದ್ದ ಎಲೆಗಳನ್ನು ಸರಿಸಿ ತನ್ನ ಮಣೆ ಹಾಕಿಕೊಂಡ. ಅವನು ಒಂದಿಷ್ಟು ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಕಚೇರಿಗೆ ಓಡಬೇಕು, ಎಲ್ಲ ಮರಗಳನ್ನೂ ಮತ್ತೆ ನೋಡಬೇಕು, ಹೋಗಿಬರುತ್ತೇನೆ ಎಂದು ತೊದಲಿದಳು.

"ಕೂತ್ಕೊಳಮ್ಮ" ಎಂದ ಅಜ್ಜ. "ಒಂಟಿ ಚಪ್ಪಲೀಲಿ ಎಲ್ಲಿಗೆ ಅಂತ ಓಡ್ತೀಯ?"

ತನ್ನ ಮಣೆಯನ್ನು ಅವಳಿಗೆ ಸರಿಸಿ, ಕಿತ್ತ ಚಪ್ಪಲಿ ಇಸಿದುಕೊಂಡು ದಾರ ಪೋಣಿಸಿದ. ಅವಳು ಕೂತಳು. ಬಿಸಿಲು ಆಗಲೇ ಏರಿತ್ತು. ಉಳಿದ ಕೊಂಬೆಯ ನೆರಳು ಒಬ್ಬರಿಗಾಗುವಷ್ಟೇ ಇತ್ತು. ಅದರಲ್ಲಿ ಅವಳಿದ್ದಳು, ಅಜ್ಜ ಬಿಸಿಲಲ್ಲಿ ಕೂತು ಬಾರು ಹೊಲಿಯುತ್ತಿದ್ದ.