ಬೆಕ್ಕಿನ ಮರಿಯ ನೀಲಿ ಬೇಸಿನ್ನು

ಆ ಮರಿ ನಮ್ಮ ಮನೆಯಲ್ಲಿದ್ದದ್ದು ಒಂದೇ ವಾರ. ಮೊಮ್ಮಗಳು ಅದಕ್ಕೆ ದಿನಕ್ಕೊಂದು ಹೆಸರಿಡುವಳು, ಮಾರನೆಯ ದಿನ ಬದಲಾಯಿಸುವಳು. ನಾನು ಮಾತ್ರ ಮರಿ ಎಂದೇ ಕರೆದೆ.

ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಮೂರನೇ ಮಹಡಿಯ ಬಾಡಿಗೆ ಫ್ಲ್ಯಾಟು. ಮಗ ಔಷಧಿ ಕಾರ್ಖಾನೆಯಲ್ಲಿ ಇಂಜಿನಿಯರು, ಸೊಸೆ ಬ್ಯಾಂಕಿನಲ್ಲಿ. ಏಳು ವರ್ಷದ ಮೊಮ್ಮಗಳನ್ನು ನೋಡಿಕೊಳ್ಳಲು ಮೈಸೂರಿನಿಂದ ಬಂದು ನನಗೆ ಆಗ ಎರಡು ವರ್ಷ. ನನ್ನ ಕನ್ನಡವೆಲ್ಲ ಅವಳಿಗೆ ತಿಳಿಯುತ್ತಿತ್ತು, ಆದರೆ ಬಾಯಿಬಿಟ್ಟರೆ ಇಂಗ್ಲಿಷು. ನಾನೋ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. "ಊಟ ಮಾಡ್ತೀಯಾ ಪುಟ್ಟಿ?" ಎಂದರೆ "ಲೇಟರ್, ಅಜ್ಜಿ" ಎನ್ನುವಳು. ಆ ಕೊನೆಯ ಅಜ್ಜಿ ಒಂದೇ ನನ್ನ ಪಾಲಿನದು. ಅಷ್ಟಕ್ಕೇ ನಾನು ಉಬ್ಬಿಹೋಗುತ್ತಿದ್ದೆ.

ಒಂದು ಭಾನುವಾರ ಇಬ್ಬರೂ ದೇವಸ್ಥಾನದಿಂದ ನಡೆದು ಬರುತ್ತಿದ್ದೆವು. ಮಟಾಟು ಎನ್ನುವ ಬಾಡಿಗೆ ವ್ಯಾನುಗಳ ಹಾರ್ನಿನ ನಡುವೆ ನನಗೆ ಏನೂ ಕೇಳಿಸಲಿಲ್ಲ, ಅವಳಿಗೆ ಮರಿಯ ಕೂಗು ಕೇಳಿಸಿತು. ಚರಂಡಿಗೆ ಇಳಿದೇಬಿಟ್ಟಳು. ಮೇಲೆ ಬಂದಾಗ ಹೊಸ ಫ್ರಾಕಿನ ತುಂಬ ಕೆಸರು, ಕೈಯಲ್ಲಿ ಹಿಡಿಯಷ್ಟು ಬೂದು ಬಣ್ಣದ ಜೀವ.

ಮನೆಯಲ್ಲಿ ಮಗ ತಲೆಯ ಮೇಲೆ ಕೈ ಹೊತ್ತು ಕೂತ. "ಅಮ್ಮಾ, ಇದು ಬಾಡಿಗೆ ಮನೆ. ಕಾರ್ಪೆಟ್ ಮೇಲೆ ಮಾಡಿದ್ರೆ ಓನರು ನಮ್ಮನ್ನೂ ಅದ್ರ ಜೊತೆ ಆಚೆ ಹಾಕ್ತಾನೆ. ಬರೋ ಭಾನುವಾರದ ತನಕ ಟೈಮು. ಒಂದೇ ಕಡೆ ಹೋಗೋದು ಕಲಿತ್ರೆ ಇರ್ಲಿ. ಇಲ್ಲಾಂದ್ರೆ ಶೆಲ್ಟರ್‌ಗೆ ಬಿಟ್ಟು ಬರ್ತೀನಿ."

"ನಿಂಗೆ ಮೂರು ವರ್ಷ ಹಿಡೀತು ಕಣೋ. ಅದಕ್ಕೆ ಏಳೇ ದಿನವಾ?" ಎಂದೆ.

ಸೊಸೆ ನಕ್ಕು ನಕ್ಕು ಕಾಫಿ ಲೋಟ ಕೆಳಗಿಟ್ಟಳು. "ಮಗು ಮುಂದೆ ಇದೆಲ್ಲಾ ಯಾಕಮ್ಮಾ" ಎಂದು ಮಗ ಎದ್ದುಹೋದ. ಮೊಮ್ಮಗಳು ಮಾತ್ರ ನಗಲಿಲ್ಲ. ನನ್ನ ಸೆರಗು ಹಿಡಿದು ನಿಂತಿದ್ದಳು. ಆ ಮರಿ ಹೋದರೆ ಈ ಕೂಸು ಏನಾಗುತ್ತದೋ ಎಂದುಕೊಂಡು ನಾನು ಆಗಲೇ ಬೇಸಿನ್ನು ಹುಡುಕಲು ಎದ್ದೆ.

ಬಟ್ಟೆ ನೆನೆಸುವ ನೀಲಿ ಬೇಸಿನ್ನಿಗೆ ಅಂಗಡಿಯಿಂದ ತಂದ ಬೆಕ್ಕಿನ ಮರಳು ಸುರಿದು ಅಡುಗೆಮನೆಯ ಆಚೆಯ ಬಾಲ್ಕನಿಯಲ್ಲಿಟ್ಟೆವು. ಮಕ್ಕಳನ್ನು ಎರಡು ಪಾದಗಳ ಮೇಲೆ ಕೂರಿಸಿಕೊಂಡು "ಸ್ಸ್ಸ್" ಎಂದು ಕಲಿಸಿದವಳು ನಾನು. ಬೇರೆ ವಿದ್ಯೆ ನನಗೆಲ್ಲಿಂದ ಬರಬೇಕು? ಮರಿ ಉಂಡೊಡನೆ ಬೇಸಿನ್ನಿನಲ್ಲಿ ಬಿಟ್ಟು, ಅದರ ಮುಂಗಾಲು ಹಿಡಿದು ಮರಳು ಕೆದಕಿಸಿ, "ಸ್ಸ್ಸ್" ಎನ್ನುತ್ತಿದ್ದೆ. ಮಂಗಳವಾರ ಸಂಜೆ ಅದು ತಾನೇ ಗುಂಡಿ ತೋಡಿತು, ಕೂತಿತು, ಮುಚ್ಚಿತು! ಮೊಮ್ಮಗಳೂ ನಾನೂ ಕೈ ಹಿಡಿದು ಕುಣಿದೆವು. ಮನೆಕೆಲಸಕ್ಕೆ ಬರುತ್ತಿದ್ದ ಅಲ್ಲಿಯ ಹೆಂಗಸಿಗೂ ಗೇಟಿನ ಕಾವಲುಗಾರನಿಗೂ ಸಕ್ಕರೆ ಹಂಚಿದೆ. ಏತಕ್ಕೆಂದು ತಿಳಿದ ಮೇಲೆ ಆ ಹೆಂಗಸು ಬಾಗಿಲಿಗೊರಗಿ ನಕ್ಕಳು.

ಅಂದಿನಿಂದ ಇನ್ನೊಂದು ವಿಚಿತ್ರ. ಮೊಮ್ಮಗಳು ಮರಿಯೊಡನೆ ಕನ್ನಡದಲ್ಲಿ ಮಾತು ಶುರುಮಾಡಿದಳು. "ಬಾ. ಕೂತ್ಕೋ. ಜಾಣ ಮರಿ."

ಯಾಕೇ ಪುಟ್ಟಿ ಎಂದು ಕೇಳಿದರೆ, "ಇಟ್ ಓನ್ಲಿ ನೋಸ್ ಕನ್ನಡ, ಅಜ್ಜಿ" ಎಂದಳು. ನಾನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಗುರುವಾರ ಬಂತು. ಶುಕ್ರವಾರ ನನಗೆ ಪೂಜೆ. ದೇವರ ಗೂಡು ಅಡುಗೆಮನೆಯಲ್ಲಿ, ಅದಕ್ಕೆ ಹತ್ತು ಹೆಜ್ಜೆಯಲ್ಲಿ ಆ ಬೇಸಿನ್ನು. ಮನಸ್ಸು ಒಪ್ಪಲಿಲ್ಲ. ಮರಳನ್ನೆಲ್ಲ ಚೆಲ್ಲಿಸಿದೆ. ಅಲ್ಲಿ ಸಿಗುತ್ತಿದ್ದ, ಹೂವಿನ ವಾಸನೆಯ ನೆಲ ತೊಳೆಯುವ ನೀರಿನ ಮೇಲೆ ನನಗೆ ನಂಬಿಕೆಯಿಲ್ಲದೆ, ಊರಿಂದ ಸೀರೆಯೊಳಗೆ ಸುತ್ತಿ ತಂದಿದ್ದ ಕಪ್ಪು ಫಿನಾಯಿಲ್ ತೆಗೆದೆ. ನೀರಿಗೆ ಬಿದ್ದೊಡನೆ ಹಾಲಿನಂತಾಗುತ್ತದಲ್ಲ, ಅದು. ಎರಡು ಸಲ ತಿಕ್ಕಿದೆ. ಬಾಲ್ಕನಿಯನ್ನೂ ಒರೆಸಿ ಹೊಸ ಮರಳು ಹಾಕಿದೆ.

ಮರಿ ಬಂತು, ಮೂಸಿತು, ಹಿಂದೆ ಸರಿಯಿತು. ಶುಕ್ರವಾರ ಬೆಳಿಗ್ಗೆ ಮಗನ ಆಫೀಸು ಬ್ಯಾಗಿನ ಮೇಲೆ ಮಾಡಿತು.

"ಎರಡೇ ದಿನ ಉಳಿದಿರೋದು ಅಮ್ಮಾ," ಎಂದ ಅವನು, ಬ್ಯಾಗನ್ನು ದೂರ ಹಿಡಿದು. ಹಿಂದೆ ಮೊಮ್ಮಗಳ ಮುಖ ಬಿಳಿಚಿಕೊಂಡಿತ್ತು.

ಜಾಗ ಇನ್ನೂ ಗಲೀಜಾಗಿದೆ, ಅದಕ್ಕೇ ಹೋಗುತ್ತಿಲ್ಲ ಎಂದುಕೊಂಡೆ. ಮತ್ತೆ ತೊಳೆದೆ. ಮತ್ತಷ್ಟು ಸುರಿದು ತೊಳೆದೆ. ಬೇಸಿನ್ನು ಆರುವುದಕ್ಕೂ ಬಿಡದೆ ಮರಿಯನ್ನು ಅದರೊಳಗೆ ಕೂರಿಸಿ ಬೆನ್ನ ಮೇಲೆ ಕೈಯಿಟ್ಟು ಹಿಡಿದುಕೊಂಡೆ. ಒದ್ದಾಡಿತು. "ಕೂತ್ಕೋ ಕಂದಾ, ಇಲ್ದಿದ್ರೆ ನಿನ್ನ ಕಳಿಸಿಬಿಡ್ತಾರೆ" ಎಂದು ಇನ್ನೂ ಗಟ್ಟಿಯಾಗಿ ಹಿಡಿದೆ. ಬಿಟ್ಟ ಮೇಲೆ ಅದು ಮೂಲೆಗೆ ಹೋಗಿ ಒಂದೊಂದೇ ಪಾದವನ್ನು ನೆಕ್ಕಿಕೊಂಡಿತು, ಬೆರಳ ಸಂದಿ ಸಂದಿಯನ್ನೂ. ನೋಡಿ ನನಗೆ ಹೆಮ್ಮೆ. ನನ್ನ ಹಾಗೆಯೇ ಮಡಿ ಎಂದು ಸೊಸೆಗೆ ಹೇಳಿಯೂ ಹೇಳಿದೆ.

ಶನಿವಾರ ಅದರ ಬಾಯಲ್ಲಿ ಜೊಲ್ಲು. ಮೊಸರನ್ನ ಮುಟ್ಟಲಿಲ್ಲ, ಮೈ ನಡುಗುತ್ತಿತ್ತು. ಕೆಲಸದ ಹೆಂಗಸು ಮರಿಯ ಪಾದ ಮೂಸಿದಳು, ಬೇಸಿನ್ನು ಮೂಸಿದಳು, ನನ್ನ ಮುಖ ನೋಡಿದಳು.

"ಶೋಶೋ, ಸುಮು," ಎಂದಳು. ಶೋಶೋ ಎಂದರೆ ಅಲ್ಲಿ ಅಜ್ಜಿ. ಸುಮು ಏನೆಂದು ಮೊಮ್ಮಗಳನ್ನು ಕೇಳಿದೆ.

"ಪಾಯ್ಸನ್," ಎಂದಳು.

ಸೊಸೆ ಕಾರಿನಲ್ಲಿ ಪ್ರಾಣಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ನೆಲ ಒರೆಸುವ ಮನುಷ್ಯರಿಗೆ ಏನೂ ಆಗದಿದ್ದರೂ ಬೆಕ್ಕಿನ ಲಿವರಿಗೆ ಫಿನಾಯಿಲ್ ತಡೆಯುವ ಶಕ್ತಿಯಿಲ್ಲವಂತೆ. ಪಾದ ನೆಕ್ಕಿದಾಗ ಒಳಗೆ ಹೋಗಿದೆಯಂತೆ. ಅಲ್ಲದೆ ತನ್ನ ವಾಸನೆ ಸ್ವಲ್ಪವಾದರೂ ಉಳಿದಿದ್ದರೇ ಮರಿ ಆ ಜಾಗಕ್ಕೆ ಮತ್ತೆ ಹೋಗುವುದಂತೆ. ನಾನು ಅದನ್ನೇ ತೊಳೆದು ತೊಳೆದು ಅಳಿಸಿದ್ದೆ. ಸೂಜಿ ಚುಚ್ಚಿ, ಬೆಚ್ಚಗಿಡಿ ಎಂದು ಕಳಿಸಿದರು.

ಭಾನುವಾರ ಬೆಳಿಗ್ಗೆ ಎಲ್ಲರೂ ಮನೆಯಲ್ಲೇ. ಬೇಸಿನ್ನನ್ನು ಬರೀ ಬಿಸಿನೀರಿನಲ್ಲಿ ಹತ್ತಾರು ಸಲ ಜಾಲಾಡಿಸಿ, ಹೊಸ ಮರಳು ಹಾಕಿ ಇಟ್ಟಿದ್ದೆ. ಮರಿ ನನ್ನ ಹಳೆಯ ಹತ್ತಿ ಸೀರೆಯ ಮಡಿಕೆಯಲ್ಲಿ, ನನ್ನ ಮಡಿಲಲ್ಲಿ. ಇದ್ದಕ್ಕಿದ್ದಂತೆ ಮಿಸುಕಿತು. ಇಳಿಸಿದೆ. ಎರಡು ಹೆಜ್ಜೆಗೊಮ್ಮೆ ವಾಲುತ್ತಾ, ಅಡುಗೆಮನೆ ದಾಟಿ, ಬಾಲ್ಕನಿಗೆ ಹೋಯಿತು. ಅಂಚು ಹತ್ತಲಾರದೆ ನಿಂತಾಗ ಮಗನೇ ಬಗ್ಗಿ ಒಳಗಿಟ್ಟ. ಅದು ಮರಳು ಕೆದಕಿತು, ಕೂತಿತು. ಮುಚ್ಚುವುದಕ್ಕೆ ಕಾಲೆತ್ತಿತು, ಆಗಲಿಲ್ಲ.

ಮಗ ತನ್ನ ಬೆರಳಿನಿಂದಲೇ ಮರಳು ಮುಚ್ಚಿದ. "ಇಲ್ಲೇ ಇರ್ಲಿ ಬಿಡಮ್ಮಾ," ಎಂದ.

ಮಧ್ಯಾಹ್ನದ ಹೊತ್ತಿಗೆ ಮರಿ ಇರಲಿಲ್ಲ.

ಕಾಂಪೌಂಡಿನ ಮೂಲೆಯಲ್ಲಿ ಕಾವಲುಗಾರ ಕೆಂಪು ಮಣ್ಣು ಅಗೆದುಕೊಟ್ಟ. ಸೀರೆಯ ಸಮೇತ ಇಟ್ಟೆವು. "ಪೋಲೆ, ಶೋಶೋ," ಎಂದ ಅವನೂ, ನೊಂದುಕೊಂಡು. ಮೊಮ್ಮಗಳು ಅಳಲಿಲ್ಲ. ಮೆಟ್ಟಿಲು ಹತ್ತುವಾಗ ನನ್ನ ಕೈಯನ್ನೂ ಹಿಡಿಯಲಿಲ್ಲ. ಸಂಜೆ ಖಾಲಿ ಬೇಸಿನ್ನಿನ ಮುಂದೆ ಕೂತಿದ್ದ ನನ್ನ ಪಕ್ಕ ಬಂದು ನಿಂತಳು.

"ಅಜ್ಜಿ, ನೀನು ಯಾಕೆ ಅಷ್ಟೊಂದು ತೊಳೆದೆ?"

ಎರಡು ವರ್ಷದಲ್ಲಿ ಅವಳು ನನಗೆಂದು ಆಡಿದ ಮೊದಲ ಪೂರಾ ಕನ್ನಡ ಮಾತು ಅದು. ಗೊತ್ತಿರಲಿಲ್ಲ ಪುಟ್ಟಿ, ಎಂದಷ್ಟೇ ಅಂದೆ. ಆದರೆ ಇದನ್ನೂ ಹೇಳಿಬಿಡಬೇಕು: ಅಂಥ ಹೊತ್ತಿನಲ್ಲೂ, ಅಂಥ ಪ್ರಶ್ನೆಗೂ, ನನ್ನ ಎದೆ ಸಂತೋಷದಿಂದ ತುಂಬಿ ಬಂತು. ಅವಳ ಬಾಯಲ್ಲಿ ಇನ್ನೊಮ್ಮೆ ಕೇಳಬೇಕೆನಿಸಿತು. ಆ ನಾಚಿಕೆ ಇಂದಿಗೂ ಹೋಗಿಲ್ಲ.