ಬಿಟ್ಟ ಜ್ವರ, ಬಿಡದ ದಣಿವು

ಆಗ ನನಗೆ ಹದಿನೇಳು. ನಿಜಾಮರ ಆಳ್ವಿಕೆಯ ಕಾಲ. ಅಫಜಲಪುರದ ಹತ್ತಿರ, ಭೀಮಾ ದಂಡೆಯ ಹಳ್ಳಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಆ ಮಳೆಗಾಲದಲ್ಲಿ ಊರಿಗೆಲ್ಲ ಚಳಿಜ್ವರ ಬಂತು. ಉಳಿದವರು ಎದ್ದು ಹೊಲಕ್ಕೆ ಹೋದರು. ನನಗೂ ಜ್ವರ ಬಿಟ್ಟಿತು, ದಣಿವು ಮಾತ್ರ ಬಿಡಲಿಲ್ಲ.

ಬೆಳಗ್ಗೆ ಎಚ್ಚರವಾದರೆ ಮೊದಲು ಹೊದಿಕೆಯೊಳಗೇ ಬೆರಳು ಮಡಚಿ ನೋಡುತ್ತಿದ್ದೆ, ಆಮೇಲೆ ಮೊಣಕೈ. ಇವತ್ತು ಏಳಲಾಗುತ್ತದೋ ಇಲ್ಲವೋ ಎಂಬ ಅಂಜಿಕೆ. ಒಂದು ಸೇರು ಜೋಳ ಬೀಸುವಷ್ಟರಲ್ಲಿ ಎದೆ ಡವಗುಟ್ಟಿ, ಬೀಸುಕಲ್ಲಿನ ಗೂಟ ಹಿಡಿದುಕೊಂಡೇ ಕೂತುಬಿಡುತ್ತಿದ್ದೆ. ಹಟ ಹಿಡಿದು ಒಂದು ದಿನ ಪೂರ್ತಿ ಬೀಸಿದರೆ ಮೂರು ದಿನ ತಲೆ ಎತ್ತಲಾಗುತ್ತಿರಲಿಲ್ಲ. ಓಣಿಯ ಹೆಂಗಸರು ಮೈಗಳ್ಳಿ ಅಂದರು. ಕೆಲವರು ಕ್ಷಯವೆಂದು ಪಿಸುಗುಟ್ಟಿ, ನಾನು ನೀರು ಕುಡಿದ ತಂಬಿಗೆ ಮುಟ್ಟದಾದರು. ಅತ್ತೆ ಏನೂ ಅನ್ನಲಿಲ್ಲ. ನನಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ.

ಒಂದು ಮುಂಜಾನೆ ಬಾವಿಯಲ್ಲಿ ನೀರು ಸೇದುವಾಗ ತೋಳಿನ ಬಲ ಒಮ್ಮೆಲೇ ಹೋಯಿತು. ಹಗ್ಗವನ್ನು ಅಂಗೈಗೆ ಸುತ್ತಿಕೊಂಡಿದ್ದೆ. ತುಂಬಿದ ಕೊಡ ಕೆಳಕ್ಕೆಳೆದಾಗ ನಾನೂ ಬಾಗಿದೆ. ಕಪ್ಪು ನೀರು ಕಂಡಿತು. ಪಕ್ಕದ ಮನೆಯವಳು ಸೀರೆ ಹಿಡಿದು ಹಿಂದಕ್ಕೆ ಜಗ್ಗಿದಳು. ಬಿದ್ದಿದ್ದರೆ ಸೊಸೆ ಬಾವಿ ಹಾರಿದಳು ಎಂದೇ ಊರು ಅನ್ನುತ್ತಿತ್ತು. ಅಲ್ಲ ಎಂದು ಹೇಳಲು ನಾನೇ ಇರುತ್ತಿರಲಿಲ್ಲ.

ಅಂದಿನಿಂದ ಅತ್ತೆ ನನ್ನನ್ನು ಬಾವಿಗೆ ಕಳಿಸಲಿಲ್ಲ. ತವರಿಗೆ ಅಟ್ಟಿ, ಮಗನಿಗೆ ಬೇರೆ ಹೆಣ್ಣು ತರುತ್ತಾರೆ ಅಂದುಕೊಂಡೆ. ನಾಲ್ಕನೆಯ ದಿನ ಬಂಡಿ ಹೂಡಿಸಿ ಕರೆದಾಗ, ಸೀರೆಯ ಗಂಟು ಕಟ್ಟಿಕೊಂಡು ಅಳುತ್ತ ಹತ್ತಿದೆ. ಬಂಡಿ ನಿಂತದ್ದು ಅಫಜಲಪುರದ ಹಕೀಮರ ಮನೆ ಮುಂದೆ.

ಹಕೀಮರು ನಾಡಿ ಹಿಡಿದರು, ಉಗುರು ನೋಡಿದರು, ಕೆಮ್ಮಿದಾಗ ರಕ್ತ ಬರುತ್ತದೇನು ಎಂದು ಕೇಳಿದರು. ಕೊನೆಗೆ ಅತ್ತೆಯ ಕಡೆ ತಿರುಗಿ, "ಕ್ಷಯ ಅಲ್ಲರಿ. ಏನ್ ಬ್ಯಾನಿ ಅಂತ ನನಗ ತಿಳೀವಲ್ದು," ಅಂದರು.

ಹೆಸರೇ ಇಲ್ಲದ ಬೇನೆಯನ್ನು ಯಾರು ನಂಬುತ್ತಾರೆ? ಬರುವಾಗ ಅರ್ಧ ದಾರಿ ಕಳೆದಿತ್ತು. ಅತ್ತೆ ಎತ್ತುಗಳ ಕಡೆ ನೋಡುತ್ತಲೇ ಅಂದರು: "ಹಕೀಮರಿಗಿ ತಿಳೀಲಿಲ್ಲ ಅಂದ್ರ ನೀ ಸುಳ್ಳ ಹೇಳಾಕತ್ತೀ ಅಂತಲ್ಲ ಬೇ. ಬೀಸೂಮುಂದ ನಿನ್ನ ಮಾರಿ ನೋಡೇನಿ ನಾ. ಮೈಗಳ್ಳರ ಮಾರಿ ಹಂಗ ಬಿಳುಚಂಗಿಲ್ಲ."

ಅಲ್ಲಿಂದ ಮುಂದೆ ಬೀಸುವುದನ್ನೆಲ್ಲ ಅವರೇ ಮಾಡಿದರು, ಗೊಣಗುತ್ತಲೇ. ನನಗೆ ಕೂತು ಬೇಳೆ ಆರಿಸುವ ಕೆಲಸ. ಎರಡು ವರ್ಷ ದಾಟಿದ ಮೇಲೆ ಮೈಗೆ ಸ್ವಲ್ಪ ಸ್ವಲ್ಪವೇ ಕಸುವು ಬಂತು, ಪೂರ್ತಿ ಎಂದೂ ಬರಲಿಲ್ಲ. ಮಗಳು ಹುಟ್ಟಿದಾಗ ಅವಳನ್ನು ಎತ್ತಿಕೊಂಡು ಒಬ್ಬಳೇ ಅಂಗಳ ದಾಟಲು ತಿಂಗಳುಗಟ್ಟಲೆ ಧೈರ್ಯವಾಗಲಿಲ್ಲ. ಅಷ್ಟು ದಿನವೂ ಅತ್ತೆ ಕೆಲಸ ಬಿಟ್ಟು ಬಂದು, ನನ್ನ ಪಕ್ಕದಲ್ಲಿ ನಡೆಯುತ್ತಿದ್ದರು.