ಪಕ್ಕದ ರೋಲ್ ನಂಬರಿನವನ ಸಹಿ

ಇಂಜಿನಿಯರಿಂಗ್ ಮೂರನೇ ವರ್ಷ ಮುಗಿಯುತ್ತಾ ಬಂದಿದ್ದರೂ ನನಗೆ ಇಂಟರ್ನ್‌ಶಿಪ್ ಸಿಕ್ಕಿರಲಿಲ್ಲ. ಇದನ್ನು ಹೀಗೆ ಒಂದೇ ಸಾಲಿನಲ್ಲಿ ಬರೆಯುವುದು ಈಗ ಸುಲಭ. ಆಗ ನನಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ನಮ್ಮ ಕಾಲೇಜಿನಲ್ಲಿ ಇಂಟರ್ನ್‌ಶಿಪ್ ಎಂದರೆ ಇಷ್ಟವಿದ್ದವರು ಮಾಡುವಂಥದ್ದಲ್ಲ, ಅದೂ ಒಂದು ಸಬ್ಜೆಕ್ಟು. ಯಾವುದಾದರೂ ಕಂಪನಿಯ ಪತ್ರ ತಂದು ತೋರಿಸದಿದ್ದರೆ ಅದು ಬಾಕಿ ಉಳಿಯುತ್ತದೆ. ಜೊತೆಯವರೆಲ್ಲ ಕಪ್ಪು ಗೌನು ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವಾಗ ನಾವು ಜೂನಿಯರ್‌ಗಳ ಪಕ್ಕ ಬೆಂಚಿನಲ್ಲಿ ಕೂತಿರಬೇಕಾಗುತ್ತದೆ.

ಕಂಡಕಂಡ ಕಂಪನಿಗೆಲ್ಲ ಅರ್ಜಿ ಹಾಕಿದ್ದೆ. ಬೇಡ ಎಂದು ಬರೆದಿದ್ದರೂ ಸಮಾಧಾನವಾಗುತ್ತಿತ್ತು, ಯಾರೂ ಏನೂ ಬರೆಯಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಫೋನ್ ನೋಡುವುದು, ಬಟ್ಟೆ ಅಂಗಡಿಯ ಡಿಸ್ಕೌಂಟಿನ ಮೇಲ್ ಮಾತ್ರ ಬಂದಿರುವುದು, ಆ ಸಿಟ್ಟನ್ನು ಅಮ್ಮನ ಮೇಲೆ ತೀರಿಸಿಕೊಳ್ಳುವುದು. ಅಮ್ಮ ಬೇರೆ ತ್ಯಾಗರಾಜನಗರದ ನಮ್ಮ ಬೀದಿಗೆಲ್ಲ "ನಮ್ಮವಳದ್ದು ಫೈನಲ್ ಆಗ್ತಾ ಇದೆ" ಎಂದು ಹೇಳಿಟ್ಟಿದ್ದಳು. ಹಾಲಿಗೆ ಹೋದರೆ ಎದುರುಮನೆ ಆಂಟಿ, "ಯಾವ ಕಂಪನಿ ಪುಟ್ಟಿ?" ಎನ್ನುತ್ತಿದ್ದರು. ನಾನು ಸುತ್ತು ಹಾಕಿಕೊಂಡು ಹಿಂದಿನ ರಸ್ತೆಯಿಂದ ಹಾಲು ತರಲು ಶುರುಮಾಡಿದೆ.

ಅಷ್ಟರಲ್ಲಿ ಕಾಲೇಜಿಗೇ ಒಂದು ಕಂಪನಿ ಬರುತ್ತದೆಂದು ತಿಳಿಯಿತು. ಆ ವರ್ಷಕ್ಕೆ ಅದೇ ಕೊನೆಯದು. ಆದರೆ ನೇರವಾಗಿ ರೆಸ್ಯೂಮೆ ಕೊಟ್ಟು ಬರುವ ಹಾಗಿರಲಿಲ್ಲ. ಹಿಂದಿನ ವರ್ಷ ಸಾಲಾಗಿ ಇಂಟರ್‌ವ್ಯೂಗೆ ಹೋದ ಸೀನಿಯರ್‌ಗಳೆಲ್ಲರ ರೆಸ್ಯೂಮೆಯಲ್ಲೂ ಒಂದೇ ಪ್ರಾಜೆಕ್ಟ್ ಇತ್ತು: ಕಸದ ಡಬ್ಬಿ ತುಂಬಿದರೆ ಮೊಬೈಲಿಗೆ ಮೆಸೇಜ್ ಬರುವುದು. ಕಂಪನಿಯಿಂದ ಬಂದವರು, "ಇಷ್ಟೊಂದು ಡಬ್ಬಿ ಮಾಡಿದ್ದೀರಲ್ರೀ, ಮತ್ತೆ ಬೆಂಗಳೂರಲ್ಲಿ ಕಸ ಯಾಕ್ರೀ ಹೀಗೆ ಬಿದ್ದಿದೆ?" ಎಂದು ಕೇಳಿ ಎದ್ದು ಹೋದರಂತೆ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಅದನ್ನು ಯಾರೂ ಕಳ್ಳತನ ಎಂದುಕೊಂಡಿರಲಿಲ್ಲ. ಡ್ರಾಯಿಂಗ್ ಕ್ಲಾಸಿನ ಡ್ರಾಫ್ಟರ್, ಬಿಳಿ ಏಪ್ರನ್, ಹಳೇ ಪ್ರಶ್ನೆಪತ್ರಿಕೆ ಎಲ್ಲ ಸೀನಿಯರ್‌ಗಳಿಂದ ನಮಗೆ ಬರುವ ಹಾಗೆಯೇ ಪ್ರಾಜೆಕ್ಟೂ ಬರುತ್ತಿತ್ತು. ಮೇಲಿನ ಹೆಸರು ಬದಲಿಸಿಕೊಂಡರೆ ಆಯಿತು.

ಆ ಮರ್ಯಾದೆ ಹೋದ ಮೇಲೆ ಪ್ಲೇಸ್‌ಮೆಂಟ್ ಸರ್ ಹೊಸ ಪದ್ಧತಿ ತಂದರು. ಪಕ್ಕಪಕ್ಕದ ರೋಲ್ ನಂಬರಿನವರು ಒಬ್ಬರ ರೆಸ್ಯೂಮೆಯನ್ನು ಇನ್ನೊಬ್ಬರು ನೋಡಬೇಕು, ಒಂದೊಂದು ಸಾಲನ್ನೂ ಕೇಳಿ ತಿದ್ದಬೇಕು, ಎಲ್ಲ ನಿಜ ಎನ್ನಿಸಿದ ಮೇಲೆ ಕೆಳಗೆ ಸಹಿ ಹಾಕಬೇಕು. ಸಹಿಯಿಲ್ಲದ ರೆಸ್ಯೂಮೆ ಮುಂದೆ ಹೋಗುವುದಿಲ್ಲ. ಸುಳ್ಳು ಸಿಕ್ಕಿಬಿದ್ದರೆ ಬರೆದವರೂ ಹೊರಗೆ, ಸಹಿ ಹಾಕಿದವರೂ ಹೊರಗೆ. "ಒಬ್ರನ್ನೊಬ್ರು ಕಾಪಾಡ್ಕೊಳ್ಳಿ" ಎಂದರು ಸರ್, ಏನೋ ಉಪಕಾರ ಮಾಡಿದವರ ಹಾಗೆ.

ನನ್ನ ಪಕ್ಕದ ರೋಲ್ ನಂಬರಿನವನು ಬಿಟಿಎಂ ಲೇಔಟಿನ ಹುಡುಗ. ತಾತನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರದ್ದು ಊಟ, ರೂಮು ಕೊಡುವ ಎರಡು ಪಿಜಿ ಕಟ್ಟಡಗಳು, ಒಂದು ಹುಡುಗರಿಗೆ, ಒಂದು ಹುಡುಗಿಯರಿಗೆ. ಕ್ಲಾಸಿನಲ್ಲಿ ಅವನನ್ನು 'ಓನರ್' ಎಂದು ರೇಗಿಸುತ್ತಿದ್ದೆವು. ಓನರಿಗೇಕೆ ಇಂಟರ್ನ್‌ಶಿಪ್ಪಿನ ಚಿಂತೆ ಎಂದು ನಾನೂ ಅಂದುಕೊಂಡಿದ್ದೆ. ಆದರೆ ಅವನ ಅಪ್ಪನ ಲೆಕ್ಕದಲ್ಲಿ ಬಿ.ಇ. ಎನ್ನುವುದು ಲಗ್ನಪತ್ರಿಕೆಯಲ್ಲಿ ಹುಡುಗನ ಹೆಸರಿನ ಮುಂದೆ ಹಾಕಿಸಲು ಬೇಕಾದ ಎರಡು ಅಕ್ಷರ. ಈ ಸಲ ಏನೂ ಆಗದಿದ್ದರೆ ಪರೀಕ್ಷೆಗೆ ಮಾತ್ರ ಕಾಲೇಜಿಗೆ ಹೋಗು, ಉಳಿದ ದಿನ ಪಿಜಿ ನೋಡಿಕೋ ಎಂದುಬಿಟ್ಟಿದ್ದರಂತೆ. ಅವನ ಕಥೆಯೂ ನನ್ನದರಷ್ಟೇ ಹದಗೆಟ್ಟಿತ್ತು.

ಭಾನುವಾರ ಬೆಳಿಗ್ಗೆ ಅವರ ಪಿಜಿಯ ಟೆರೇಸಿನಲ್ಲಿ ಕೂತೆವು. ತಂತಿಗಳ ತುಂಬ ಒದ್ದೆ ಜೀನ್ಸು, ಬನಿಯನ್ನು, ಬೆಡ್‌ಶೀಟು. ಕೆಳಗಿನ ಗಲ್ಲಿಯಲ್ಲಿ ಡೆಲಿವರಿ ಬೈಕುಗಳ ಗಲಾಟೆ. ಅವನು ನನ್ನ ರೆಸ್ಯೂಮೆಯನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ ತೆಗೆದ.

"ಪೈಥಾನ್ ನಾಲ್ಕು ಸ್ಟಾರ್. ಯಾರು ಕೊಟ್ಟಿದ್ದು?"

"ನಾನೇ."

"ನಿಂಗ್ ನೀನೇನಾ?" ಎಂದು ನಗುತ್ತ ಸ್ಟಾರ್‌ಗಳ ಮೇಲೆ ಗೆರೆ ಎಳೆದ. "ಕಾಲೇಜ್ ಫೆಸ್ಟ್ ಆರ್ಗನೈಸರ್?"

"ರಿಜಿಸ್ಟ್ರೇಷನ್ ಟೇಬಲ್ ಹತ್ರ ಕೂತಿದ್ದೆ ಕಣೋ."

"ಅರ್ಧ ದಿನ ಕೂತಿದ್ದು ನೀನು. ನಿಮ್ಮಮ್ಮ ಫೋನ್ ಮಾಡಿದ್ರು ಅಂತ ಮನೆಗೆ ಹೋದೆ. ಆಮೇಲೆ ಅಲ್ಲಿ ಕೂತಿದ್ದು ನಾನು."

ಅದೂ ಹೋಯಿತು. ಆನ್‌ಲೈನ್ ಕೋರ್ಸ್ ಸರ್ಟಿಫಿಕೇಟಿನಲ್ಲಿ ಏನು ಕಲಿತೆ ಎಂದು ಕೇಳಿದ. ಊಟ ಮಾಡುವಾಗ ವಿಡಿಯೋ ಓಡಿಸಿಟ್ಟಿದ್ದಷ್ಟೇ ನೆನಪಿತ್ತು. 'ಲೀಡರ್‌ಶಿಪ್' ಎಂಬ ಪದವನ್ನು ನೋಡಿ ಅವನು ಏನೂ ಕೇಳಲೇ ಇಲ್ಲ, ಸುಮ್ಮನೆ ಹೊಡೆದುಹಾಕಿದ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಉಳಿದಿದ್ದು ಪ್ರಾಜೆಕ್ಟ್. ಓವರ್‌ಹೆಡ್ ಟ್ಯಾಂಕ್ ತುಂಬಿದ ಕೂಡಲೇ ಮೋಟರ್ ತಾನಾಗಿ ಆಫ್ ಆಗುವುದು. ಪುಣ್ಯಕ್ಕೆ ಕಸದ ಡಬ್ಬಿಯಲ್ಲ, ಬೇರೆ ಸೀನಿಯರ್ ಒಬ್ಬಳು ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದು. ಅದನ್ನು ಓದುತ್ತಿದ್ದಂತೆ ಅವನ ಮುಖ ಅರಳಿತು.

"ಲೇ, ಸಖತ್ತಾಗಿದೆ! ನಮ್ಮ ಟ್ಯಾಂಕ್ ದಿನಾ ಉಕ್ಕಿ ಪಕ್ಕದ ಮನೆಯೋರ ಹತ್ರ ಬೈಸ್ಕೊಳ್ತೀವಿ. ಇಲ್ಲೇ ಹಾಕಿ ನೋಡೋಣ. ಸೆನ್ಸರ್ ಎಲ್ಲಿ ಕೂರ್ಸಬೇಕು ಹೇಳು." ಆಗಲೇ ಎದ್ದು ಟ್ಯಾಂಕಿನ ಏಣಿ ಹತ್ತತೊಡಗಿದ್ದ.

ಅವನು ನನ್ನನ್ನು ಪರೀಕ್ಷೆ ಮಾಡುತ್ತಿರಲಿಲ್ಲ. ಅದು ಅವನಿಗೆ ನಿಜಕ್ಕೂ ಬೇಕಾಗಿತ್ತು. ನಾನು ಕೆಳಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ನಿಂತಿದ್ದೆ. ಸೆನ್ಸರ್ ಎಲ್ಲಿ ಕೂರಿಸಬೇಕೆಂದು ಗೊತ್ತಿರಲಿಲ್ಲ. ಸೆನ್ಸರನ್ನು ನಾನು ಕಣ್ಣಿಂದ ನೋಡಿಯೂ ಇರಲಿಲ್ಲ.

ಅವನು ಏಣಿಯ ಮೇಲಿಂದಲೇ ತಿರುಗಿ ನೋಡಿದ. ಇಳಿದು ಬಂದು ಪೆನ್ನಿನ ಮುಚ್ಚಳ ಹಾಕಿದ.

"ಸೈನ್ ಮಾಡಕ್ಕಾಗಲ್ಲ ಕಣೇ. ನಂದೂ ಹೋಗತ್ತೆ."

"ಹಂಗಾದ್ರೆ ನಂದು? ಇದೂ ತೆಗೆದ್ರೆ ಇನ್ನೇನಿದೆ ಅದ್ರಲ್ಲಿ?"

"ಬೇರೆ ಏನಾದ್ರೂ ಹೇಳು. ಮನೆ ಹತ್ರ ಮಕ್ಕಳಿಗೆ ಟ್ಯೂಷನ್ ಹೇಳ್ಕೊಟ್ಟಿದೀಯಾ? ಗಣೇಶನ ಹಬ್ಬಕ್ಕೆ ಏನಾದ್ರೂ ಮಾಡಿದೀಯಾ? ಡ್ಯಾನ್ಸು, ಸಂಗೀತ?"

ಯೋಚಿಸಿದೆ. ನಿಜವಾಗಿಯೂ ಯೋಚಿಸಿದೆ. ಸಂಗೀತ ಹತ್ತನೇ ಕ್ಲಾಸಿಗೆ ಬಿಡಿಸಿದರು, ಓದಿಗೆ ತೊಂದರೆ ಎಂದು. ಅಡುಗೆಮನೆಗೆ ಕಾಲಿಟ್ಟರೆ ಅಮ್ಮ "ನೀನು ಹೋಗಿ ಓದ್ಕೋ" ಎನ್ನುತ್ತಿದ್ದಳು. ಬ್ಯಾಂಕಿನ ಕೆಲಸವಿರಲಿ, ಗ್ಯಾಸ್ ಬುಕ್ ಮಾಡುವುದಿರಲಿ, ಎಲ್ಲ ಅಪ್ಪನೇ ಮಾಡುತ್ತಿದ್ದರು. ಹುಟ್ಟಿದಾಗಿನಿಂದ ಅಂಗೈಯಲ್ಲಿಟ್ಟುಕೊಂಡು ಸಾಕಿದ ಮಗಳು ನಾನು. ಒಂದು ಪುಟಕ್ಕೆ ಬರೆಯುವಷ್ಟು ಏನನ್ನೂ ಮಾಡಿರಲಿಲ್ಲ.

"ಓದ್ದೆ ಕಣೋ, ಅಷ್ಟೇ" ಎಂದೆ.

ಈ ಮಾತುಕತೆಯ ನಡುವೆಯೇ ಪಿಜಿಯ ಹುಡುಗರು ಒಬ್ಬೊಬ್ಬರಾಗಿ ಮೇಲೆ ಬರುತ್ತಿದ್ದರು. "ಅಣ್ಣ, ಗೀಸರ್ ಆನ್ ಆಗ್ತಿಲ್ಲ." "ಅಣ್ಣ, ನನ್ನ ರೂಮ್‌ಮೇಟ್ ನೈಟ್ ಶಿಫ್ಟು, ನಂಗೆ ರೂಮ್ ಬದಲಾಯಿಸ್ಕೊಡಿ." ಅವನು ಒಬ್ಬನಿಗೆ ಸ್ವಿಚ್ ಎಲ್ಲಿದೆ ಹೇಳಿದ, ಇನ್ನೊಬ್ಬನನ್ನು ಸಮಾಧಾನ ಮಾಡಿ ಕಳಿಸಿದ, ನೀರಿನ ಟ್ಯಾಂಕರಿನವನಿಗೆ ಫೋನ್ ಮಾಡಿ ಗದರಿದ. ರಾತ್ರಿ ಊಟ ಬೇಡದವರು ಮಧ್ಯಾಹ್ನವೇ ಮೊಬೈಲಿನಲ್ಲಿ ಒತ್ತಿ ತಿಳಿಸುವಂತೆ ಅವನೇ ಒಂದು ಸಣ್ಣ ಆ್ಯಪ್ ಮಾಡಿದ್ದ, ಅದಾದ ಮೇಲೆ ಅನ್ನ ಚೆಲ್ಲುವುದು ನಿಂತಿತಂತೆ. ಅವನ ರೆಸ್ಯೂಮೆಯಲ್ಲಿ ಇದರ ಸುಳಿವೂ ಇರಲಿಲ್ಲ. ಅಲ್ಲಿದ್ದುದು 'ಟೀಮ್ ಪ್ಲೇಯರ್', 'ಹಾರ್ಡ್ ವರ್ಕಿಂಗ್', ಹವ್ಯಾಸ: ಕ್ರಿಕೆಟ್.

ನನಗೆ ರೇಗಿಹೋಯಿತು. "ಇದನ್ನೆಲ್ಲ ಯಾಕೋ ಬರ್ದಿಲ್ಲ?"

"ಥೂ, ಪಿಜಿ ಊಟದ ಲೆಕ್ಕ ಬರೀಬೇಕಾ? ಓನರ್ ಅಂತ ನೀವೇ ನಗ್ತೀರಾ. ಅವ್ರೂ ನಗ್ತಾರೆ."

"ನಗ್ಲಿ" ಎಂದು ಅವನ ಹಾಳೆಯನ್ನು ಎಳೆದುಕೊಂಡು ಕ್ರಿಕೆಟ್ ಹೊಡೆದುಹಾಕಿ, ಅದೆಲ್ಲವನ್ನೂ ನಾನೇ ಬರೆದೆ. ಆ್ಯಪನ್ನು ಎಲ್ಲಕ್ಕಿಂತ ಮೇಲೆ ಹಾಕಿದೆ. ಬರೆಯುತ್ತ ಬರೆಯುತ್ತ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು. ಅವನ ಪುಟ ತುಂಬುತ್ತ ಹೋಯಿತು, ನನ್ನ ಪುಟದಲ್ಲಿ ಬರೀ ಗೆರೆಗಳು. ಕೆಳಗೆ ಸಹಿ ಹಾಕಿ ಕೊಟ್ಟೆ. ಆಮೇಲೆ ಅವನ ಮುಂದೆ ನಾಚಿಕೆ ಬಿಟ್ಟು ಅತ್ತೆ.

"ಪ್ಲೀಸ್ ಕಣೋ. ಇವತ್ತೇ ಕೂತು ಆ ಪ್ರಾಜೆಕ್ಟ್ ಕಲೀತೀನಿ. ಏನ್ ಕೇಳಿದ್ರೂ ಹೇಳ್ತೀನಿ. ಮನೇಲಿ ಎಲ್ಲರಿಗೂ ಹೇಳ್ಬಿಟ್ಟಿದಾರೆ ಕಣೋ."

ಅವನು ಮತ್ತೆ ಪೆನ್ ತೆಗೆದ. "ಆಯ್ತು ಬಿಡು, ಅಳ್ಬೇಡ" ಎಂದು ಪ್ರಾಜೆಕ್ಟಿನ ಸಾಲನ್ನು ಮುಟ್ಟದೆ ಕೆಳಗೆ ಸಹಿ ಹಾಕಿದ.

ಬನಶಂಕರಿಯ ಬಸ್ಸಿನಲ್ಲಿ ಕೂತು ಆ ಸಹಿಯನ್ನು ನೋಡುತ್ತಲೇ ಬಂದೆ. ಗೆದ್ದೆ ಎನ್ನಿಸಬೇಕಿತ್ತು. ಮನೆಗೆ ಬಂದು ಪ್ರಾಜೆಕ್ಟ್ ತೆರೆದೆ. ಓಡಿಸಿದರೆ ಪರದೆಯ ತುಂಬ ಎರರ್‌ಗಳ ಕೆಂಪು ಅಕ್ಷರ. ಕೊಟ್ಟ ಸೀನಿಯರ್‌ಗೆ ಫೋನ್ ಮಾಡಿದರೆ, "ಅಯ್ಯೋ, ನಂಗೂ ಅದನ್ನ ನನ್ನ ಸೀನಿಯರ್ ಕೊಟ್ಟಿದ್ದು ಕಣೇ" ಎಂದಳು. ಆಗ ನಗು ಬರಬೇಕಿತ್ತು, ಬರಲಿಲ್ಲ. ಮೊದಲ ಪ್ರಶ್ನೆಗೆ ಏನೋ ಒಂದು ಹೇಳಬಹುದು, ಎರಡನೆಯದಕ್ಕೆ ಸಿಕ್ಕಿಬೀಳುತ್ತೇನೆ ಎಂಬುದು ದೀಪ ಹಚ್ಚುವ ಹೊತ್ತಿಗೆ ಖಚಿತವಾಯಿತು. ನಾನು ಸತ್ಯವಂತೆ ಎಂದು ಹೇಳಿಕೊಳ್ಳುತ್ತಿಲ್ಲ. ಸಿಕ್ಕಿಬೀಳುವುದಿಲ್ಲ ಎಂಬ ಧೈರ್ಯವಿದ್ದಿದ್ದರೆ ಖಂಡಿತ ಹಾಗೇ ಬಿಡುತ್ತಿದ್ದೆ. ಆದರೆ ನನ್ನ ಜೊತೆ ಅವನೂ ಮುಳುಗಿ, ಅವನ ಅಪ್ಪ ಅವನನ್ನು ಆ ಗೀಸರುಗಳ ನಡುವೆ ಕೂರಿಸಿ, ನಾನು ಇನ್ನೂ ಒಂದು ವರ್ಷ ಅವನ ಪಕ್ಕದ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆಯುವುದನ್ನು ನೆನೆಸಿಕೊಂಡು ಆ ಪ್ರಾಜೆಕ್ಟಿನ ಸಾಲನ್ನು ಅಳಿಸಿದೆ.

ಮಾರನೇ ದಿನ ಕಾಲೇಜಿನ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹೊಸ ಪ್ರಿಂಟ್ ತೆಗೆಸಿದೆ. ಹೆಸರು, ಫೋನ್ ನಂಬರು, ಅಂಕಗಳು, ಕಲಿತ ವಿಷಯಗಳು, ಮುಗಿಯಿತು. ಅರ್ಧ ಪುಟಕ್ಕೂ ಬರಲಿಲ್ಲ. ಅಂಗಡಿಯವರು "ಇನ್ನೊಂದ್ ಪೇಜ್ ಇದ್ಯಾಮ್ಮ?" ಎಂದರು. ಇಲ್ಲ ಎಂದೆ. ಅವನ ಹತ್ತಿರ ಹೋಗಿ, "ಇದಕ್ಕೆ ಸೈನ್ ಮಾಡು, ನೆನ್ನೇದು ಹರಿದು ಹಾಕ್ತೀನಿ" ಎಂದೆ. ಅವನು ಓದಿದ. ಓದಲು ಏನಿತ್ತು? "ಗ್ಯಾರಂಟಿನಾ?" ಎಂದು ಮಾತ್ರ ಕೇಳಿದ. ಸಹಿ ಹಾಕುವಾಗ ಅವನು ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ಆ ಕ್ಷಣ ಅವನನ್ನು ಕಂಡರೆ ನನಗೆ ದ್ವೇಷವೇ ಆಯಿತು.

ಇಂಟರ್‌ವ್ಯೂ ಮಾಡಿದ ಮೇಡಂ ಒಳ್ಳೆಯವರು. ನನ್ನ ಹಾಳೆಯನ್ನು ನೋಡಿದರು, ತಿರುಗಿಸಿ ಹಿಂದುಗಡೆಯೂ ನೋಡಿದರು. "ಇಷ್ಟೇನಾಮ್ಮ?"

"ಇಷ್ಟೇ ಮೇಡಂ."

"ಮಾರ್ಕ್ಸ್ ಚೆನ್ನಾಗಿದೆ. ಆದ್ರೆ ನೀನಾಗೇ ಏನಾದ್ರೂ ಮಾಡಿರ್ತೀಯಲ್ಲ? ಯಾವುದಾದ್ರೂ ಸರಿ, ಹೇಳು."

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಪ್ರೀತಿಯಿಂದ ಕೇಳಿದವರಿಗೆ "ಏನೂ ಮಾಡಿಲ್ಲ ಮೇಡಂ" ಎನ್ನಬೇಕಾಯಿತು. ಅವರು ಮೆಲ್ಲಗೆ ಮುಂದಿನವರನ್ನು ಕರೆದರು.

ಸಂಜೆ ಕಾರಿಡಾರಿನಲ್ಲಿ ಸರ್ ಹೆಸರುಗಳನ್ನು ಓದಿದರು. ಅವನ ಹೆಸರು ಬಂತು, ಅದರ ಪಕ್ಕದ್ದು ಬರಲಿಲ್ಲ. ಹುಡುಗರು ಅವನನ್ನು ಎತ್ತಿಕೊಂಡು ಕೂಗಿದರು. ಮೇಡಂ ಅವನನ್ನು ಆ ಊಟದ ಆ್ಯಪಿನ ಬಗ್ಗೆಯೇ ಕೊನೆಯವರೆಗೂ ಕೇಳಿದ್ದರಂತೆ. ನನ್ನ ಕಡೆ ಬಂದ, ಮುಖ ಹೇಗಿಟ್ಟುಕೊಳ್ಳಬೇಕೆಂದು ತಿಳಿಯದೆ ನಿಂತ. ನಾನು ಕಂಗ್ರಾಟ್ಸ್ ಎಂದೆ. ಖುಷಿ ಒಂದು ಚೂರೂ ಆಗಿರಲಿಲ್ಲ. ಆ ಸಾಲುಗಳನ್ನು ಬರೆದ ಕೈ ನನ್ನದು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮನೆಯಲ್ಲಿ ಹೇಳಿದೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾವೇನು ಕಮ್ಮಿ ಮಾಡಿದ್ವಿ ನಿನಗೆ?" ಎಂದಳು. ಅವರು ಏನನ್ನೂ ಕಮ್ಮಿ ಮಾಡಿರಲಿಲ್ಲ. ಅದನ್ನು ಅವಳಿಗೆ ಹೇಗೆ ಹೇಳುವುದು? ಅಪ್ಪ ಪೇಪರ್ ಮಡಚಿಟ್ಟು, ಯಾರಾದರೂ ಗುರುತಿನವರು ಇದ್ದಾರೇನೋ ವಿಚಾರಿಸುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ ಎಂದರು. ಅದೂ ಅವರೇ ಮಾಡುತ್ತಾರಂತೆ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಎರಡು ದಿನ ಅವನ ಫೋನ್ ತೆಗೆಯಲಿಲ್ಲ. ಮೂರನೇ ದಿನ ತೆಗೆದೆ, ಬೈಯುವುದಕ್ಕೆಂದೇ.

"ಒಂದು ಮಾತು, ಬೇಜಾರ್ ಮಾಡ್ಕೋಬೇಡ" ಎಂದ. "ನಾನು ಇಂಟರ್ನ್‌ಶಿಪ್‌ಗೆ ಹೋದ್ರೆ ಪಿಜಿಗೆ ಜನ ಇಲ್ಲ. ಹುಡುಗರ ಬಿಲ್ಡಿಂಗ್ ಅಪ್ಪ ನೋಡ್ಕೊಳ್ತಾರೆ. ಲೇಡೀಸ್ ಪಿಜಿಗೆ ಯಾರಾದ್ರೂ ಬೇಕು, ಮಧ್ಯಾಹ್ನದ ಮೇಲೆ. ಗೀಸರ್, ಟ್ಯಾಂಕರ್, ಊಟದ್ದು, ಹೊಸಬ್ರು ಬಂದ್ರೆ ರೂಮ್ ತೋರ್ಸೋದು. ಕಾಲೇಜಲ್ಲಿ ಇದು ಲೆಕ್ಕಕ್ಕೆ ಬರಲ್ಲ, ಗೊತ್ತು. ನಿನ್ನ ಸಬ್ಜೆಕ್ಟ್ ಬಾಕೀನೇ ಇರತ್ತೆ. ಆದ್ರೆ ರೆಸ್ಯೂಮೆಗೆ ಒಂದು ಲೈನ್ ಆಗತ್ತಲ್ಲ. ನಿಜವಾದ ಲೈನು."

ಇವನಿಗೆಷ್ಟು ಕೊಬ್ಬು ಎಂದುಕೊಂಡೆ. ನಮ್ಮ ಬೀದಿಯ ಆಂಟಿಯರ ಮುಖಗಳು ಕಣ್ಣ ಮುಂದೆ ಬಂದವು. ನಾಲಿಗೆಯ ತುದಿಯಲ್ಲಿದ್ದ ಬೈಗುಳವನ್ನು ಹೇಳಲು ಹೊರಟವಳಿಗೆ, ಅಷ್ಟು ತಿಂಗಳಲ್ಲಿ ನನ್ನನ್ನು ಕೆಲಸಕ್ಕೆ ಬಾ ಎಂದು ಕರೆದವನು ಇವನೊಬ್ಬನೇ ಎಂಬುದು ಹೊಳೆಯಿತು.

"ಹಲೋ? ಇದೀಯಾ? ಬೇಡ ಅಂದ್ರೆ ಬೇಡ ಕಣೇ, ಸಾರಿ" ಎನ್ನುತ್ತಿದ್ದ ಅವನು.

"ಯಾವತ್ತಿಂದ ಬರ್ಬೇಕು?" ಎಂದೆ.